ಕೋಲಾರದ ಗಣಿಯೂ ಕೃಷ್ಣವಿವರದ ನಾದವೂ

ಕನ್ನಡ ನಾಡಿನ ಹಿರಿಮೆಯನ್ನು ಎಣಿಸುವಾಗ ನಾವು ಬೇಲೂರು ಹಳೆಯಬೀಡುಗಳನ್ನು ಹೇಳುತ್ತೇವೆ, ಹಂಪೆಯನ್ನು ಹೇಳುತ್ತೇವೆ, ಜೋಗದ ಜಲಪಾತವನ್ನೂ ಕೋಲಾರದ ಚಿನ್ನವನ್ನೂ ಹೇಳುತ್ತೇವೆ. ರಾಜ್ಯೋತ್ಸವದ ಭಾಷಣಗಳಲ್ಲಿ ಈ ಪಟ್ಟಿ ತಪ್ಪುವುದಿಲ್ಲ. ಆದರೆ ಆ ಕೋಲಾರದ ಗಣಿಯ ತಳದಲ್ಲಿ ಚಿನ್ನವಲ್ಲದ ಇನ್ನೊಂದು ವಸ್ತುವನ್ನು ಹುಡುಕಿದವರಿದ್ದರು, ಹುಡುಕಿ ಪಡೆದವರೂ ಇದ್ದರು ಎಂಬುದು ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಆ ಸಂಗತಿಗೂ ಮುಂಬಯಿ ಕನ್ನಡಿಗರಾದ ನಮಗೂ ಸಂಬಂಧವಿದೆ. ಶಹಾಡಿನಲ್ಲಿ ಲೋಕಲ್ ಗಾಡಿ ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕೊಲಾಬಾದ ತುದಿಯವರೆಗೆ ಹೋದರೆ ಸಮುದ್ರದ ದಂಡೆಯ ಮೇಲೆ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಸಿಗುತ್ತದೆ. ಕೋಲಾರದ ಪ್ರಯೋಗಗಳಿಗೆ ತವರು ಅದೇ. ಆ ಸಂಸ್ಥೆಯಾದರೋ ಹುಟ್ಟಿದುದು ಬೆಂಗಳೂರಿನಲ್ಲಿ.

ವಿಷಯಕ್ಕೆ ಬರುವ ಮೊದಲು ನಕ್ಷತ್ರಗಳ ಸಾವಿನ ಬಗ್ಗೆ ಎರಡು ಮಾತು ಅಗತ್ಯ. ನಕ್ಷತ್ರ ತನ್ನೊಳಗಿನ ಇಂಧನ ಮುಗಿಯುವವರೆಗೆ ಮಾತ್ರ ತನ್ನ ಭಾರವನ್ನು ತಾನು ತಾಳಿಕೊಳ್ಳಬಲ್ಲದು. ಆಮೇಲೆ ಕುಸಿಯಬೇಕು. ನಂದಿದ ನಕ್ಷತ್ರವು ಶ್ವೇತಕುಬ್ಜವಾಗಿ ಉಳಿಯುವುದಕ್ಕೆ ಒಂದು ಮಿತಿಯುಂಟು, ಅದು ಸೂರ್ಯನ ಸುಮಾರು 1.4 ಪಾಲು ದ್ರವ್ಯರಾಶಿ ಎಂದು 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದ ತರುಣ ಚಂದ್ರಶೇಖರ್ ಲೆಕ್ಕ ಹಾಕಿದರು. 1932ರಲ್ಲಿ ನ್ಯೂಟ್ರಾನ್ ಕಣ ಸಿಕ್ಕಿತು. ಎರಡೇ ವರ್ಷಗಳಲ್ಲಿ ಬಾಡೆ ಮತ್ತು ಜ್ವಿಕಿ ಎಂಬಿಬ್ಬರು, ಸಿಡಿದು ಸತ್ತ ದೊಡ್ಡ ನಕ್ಷತ್ರದ ಒಡಲಲ್ಲಿ ನ್ಯೂಟ್ರಾನುಗಳ ಮುದ್ದೆಯೊಂದು ಉಳಿಯಬೇಕೆಂದು ಊಹಿಸಿದರು. ಅದೇ ನ್ಯೂಟ್ರಾನ್ ನಕ್ಷತ್ರ. ಅದರ ಅಡ್ಡಳತೆ ಹೆಚ್ಚು ಕಡಿಮೆ ನಮ್ಮ ಶಹಾಡಿನಿಂದ ಠಾಣೆಗೆ ಇರುವಷ್ಟು. ತೂಕ ಸೂರ್ಯನಿಗಿಂತ ಹೆಚ್ಚು. ಅದರ ಒಂದು ಚಮಚ ಪುಡಿ ನೂರು ಕೋಟಿ ಟನ್ನನ್ನು ಮೀರಿ ತೂಗುತ್ತದೆ. ಇನ್ನೂ ಭಾರವಾದ ನಕ್ಷತ್ರ ಅಲ್ಲಿಯೂ ನಿಲ್ಲದೆ ಕುಸಿದರೆ ಬೆಳಕು ಕೂಡ ಹೊರಬರಲಾರದ ಸ್ಥಿತಿ. ಅದನ್ನು ಕೆಲವರು ಕಪ್ಪುಕುಳಿ ಎನ್ನುತ್ತಾರೆ, ಕೆಲವರು ಕಪ್ಪುರಂಧ್ರ ಎನ್ನುತ್ತಾರೆ. ಕೃಷ್ಣವಿವರ ಎಂಬ ಮಾತು ಈ ಲೇಖಕನ ಕಿವಿಗೆ ಹಿತವಾಗಿರುವುದರಿಂದ ಇಲ್ಲಿ ಅದನ್ನೇ ಇಟ್ಟುಕೊಳ್ಳಲಾಗಿದೆ.

ಇಂಥ ಉಗ್ರ ಘಟನೆಗಳು ನಡೆದಾಗ ಅಲ್ಲಿಂದ ಬೆಳಕು ಮಾತ್ರವಲ್ಲದೆ ಕಣಗಳೂ ಹೊರಡುತ್ತವೆ. ಹಗಲಿರುಳೂ ಭೂಮಿಯ ಮೇಲೆ ಸುರಿಯುತ್ತಿರುವ ವಿಶ್ವಕಿರಣಗಳು ಅವೇ. ಈ ವಿದ್ಯೆ ಭಾರತದಲ್ಲಿ ಬೇರೂರಿದುದಕ್ಕೆ ಒಂದು ಯುದ್ಧ ಕಾರಣವಾಯಿತು. ಕೇಂಬ್ರಿಜ್ಜಿನಲ್ಲಿದ್ದ ಹೋಮಿ ಭಾಭಾ 1939ರಲ್ಲಿ ರಜೆಗೆಂದು ಮನೆಗೆ ಬಂದರು. ಮಹಾಯುದ್ಧ ಹೊತ್ತಿಕೊಂಡು ಹಿಂದಿರುಗಲಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರ ವಿಭಾಗದಲ್ಲಿ ಸೇರಿಕೊಂಡರು. ಅಲ್ಲಿ ವಿಶ್ವಕಿರಣ ಸಂಶೋಧನೆಯ ಘಟಕವೊಂದು ಏರ್ಪಟ್ಟಿತು. 1945ರ ಜೂನ್ ತಿಂಗಳಲ್ಲಿ ಅದೇ ಆವರಣದಲ್ಲಿ ಟಾಟಾ ಸಂಸ್ಥೆ ಪ್ರಾರಂಭವಾಗಿ, ವರ್ಷಾಂತ್ಯದ ವೇಳೆಗೆ ಮುಂಬಯಿಗೆ ಸಾಗಿತು. ತವರು ಬೆಂಗಳೂರು, ಬಾಳು ಮುಂಬಯಿ. ನಮ್ಮಲ್ಲಿ ಅನೇಕರ ಮನೆಯ ಕಥೆಯೂ ಇದೇ ತಾನೆ?

ನಂಜನಗೂಡಿನ ಸೀಮೆಯ ಬದನವಾಳು ಮನೆತನದ ಬಿ. ವಿ. ಶ್ರೀಕಂಠನ್ ಎಂಬ ತರುಣ 1948ರಲ್ಲಿ ಈ ಸಂಸ್ಥೆಯನ್ನು ಸೇರಿದರು. 1925ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್‌ಸಿ. ಮುಗಿಸಿದ್ದವರು. ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣ ಬಹಳ ಗಟ್ಟಿ. ಕಲ್ಲು ಮಣ್ಣುಗಳನ್ನು ತೂರಿಕೊಂಡು ಹೋಗುತ್ತದೆ. ಎಷ್ಟು ಆಳಕ್ಕೆ ಹೋದರೆ ಎಷ್ಟು ಉಳಿಯುತ್ತವೆ ಎಂದು ಅಳೆಯಬೇಕಾಗಿತ್ತು. ಆ ಕಾಲದಲ್ಲಿ ಲೋಕದ ಅತ್ಯಂತ ಆಳದ ಗಣಿಗಳಲ್ಲಿ ಒಂದು ಕೋಲಾರದ ಚಾಂಪಿಯನ್ ರೀಫ್. ಭಾಭಾ ಅವರ ಮಾತಿನಂತೆ ಶ್ರೀಕಂಠನ್ 1951ರಲ್ಲಿ ತಮ್ಮ ಗೈಗರ್ ಕೊಳವೆಗಳನ್ನು ಹೊತ್ತುಕೊಂಡು ಆ ಗಣಿಗೆ ಇಳಿದರು.

ಗಣಿಯ ಒಳಗನ್ನು ವಾಚಕರು ಸ್ವಲ್ಪ ಊಹಿಸಿಕೊಳ್ಳಬೇಕು. ಕಬ್ಬಿಣದ ಪಂಜರದಲ್ಲಿ ನಿಂತು ಸಾವಿರಾರು ಅಡಿ ಇಳಿಯಬೇಕು. ಒಂದೇ ಇಳಿತದಲ್ಲಿ ತಳ ಸಿಗುವುದಿಲ್ಲ. ಆಳಕ್ಕೆ ಹೋದಂತೆ ಬಂಡೆಯೇ ಬಿಸಿ. ಮೇಲಿನ ಭಾರ ತಾಳದೆ ಬಂಡೆ ಒಮ್ಮೊಮ್ಮೆ ಸಿಡಿಯುತ್ತದೆ. ಹಾಗೆ ಸಿಡಿದು ಸತ್ತವರ ಸಂಖ್ಯೆ ಆ ಊರಿನಲ್ಲಿ ಕಡಮೆಯೇನಲ್ಲ. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ತಮಿಳು ತೆಲುಗು ಕೂಲಿಗಾರರು, ಬಹುಮಟ್ಟಿಗೆ ದಲಿತರು, ತಲೆಮಾರುಗಳಿಂದ ಅಲ್ಲಿ ದುಡಿಯುತ್ತಿದ್ದರು. ವಿಜ್ಞಾನಿಗಳ ಯಂತ್ರಗಳಿಗೆ ಬೇಕಾದ ಗಾಳಿ, ವಿದ್ಯುತ್ತು, ಪಂಜರ, ಹಳಿ ಎಲ್ಲವೂ ಇವರ ದುಡಿಮೆಯಿಂದ ನಡೆದುದು. ಪ್ರಬಂಧಗಳ ತಲೆಯ ಮೇಲೆ ವಿಜ್ಞಾನಿಗಳ ಹೆಸರುಗಳಿವೆ. ಪಂಜರ ಇಳಿಸಿದವರ ಹೆಸರುಗಳಿಲ್ಲ. ಲೋಕದ ರೀತಿ ಹಾಗಿದೆ. ಆದರೂ ಕನ್ನಡ ನೆಲದಲ್ಲಿ ನಡೆದ ಈ ಕಾರ್ಯವನ್ನು ನೆನೆಯುವಾಗ ಕನ್ನಡವನ್ನಾಡದ ಈ ಜನರನ್ನು ಬಿಟ್ಟರೆ ನೆನಪು ಅರ್ಧವಾದೀತು.

ಹತ್ತು ವರ್ಷಗಳ ಅಳತೆಯಿಂದ ಒಂದು ಸ್ವಾರಸ್ಯ ಹೊರಬಿದ್ದಿತು. ಆಳಕ್ಕೆ ಇಳಿದಷ್ಟೂ ಮ್ಯೂಆನುಗಳು ಕಡಮೆಯಾಗುತ್ತ ಹೋಗಿ, ತೀರ ಕೆಳಗಿನ ಅಂತಸ್ತಿನಲ್ಲಿ ವಾರಗಟ್ಟಲೆ ಕಾದರೂ ಯಂತ್ರ ಒಂದನ್ನೂ ಎಣಿಸಲಿಲ್ಲ. ಏನೂ ಕಾಣದಿದ್ದರೆ ಪ್ರಯೋಗ ಸೋತಿತೆಂದು ಸಾಮಾನ್ಯರು ತಿಳಿಯುತ್ತಾರೆ. ಇವರಿಗೆ ಅದೇ ದೊಡ್ಡ ಲಾಭವಾಯಿತು. ಗದ್ದಲವಿಲ್ಲದ ಕೋಣೆಯಲ್ಲಿ ಮಾತ್ರ ಪಿಸುಮಾತು ಕೇಳುತ್ತದೆ. ಇಲ್ಲಿ ಕೇಳಬೇಕಾಗಿದ್ದ ಪಿಸುಮಾತು ನ್ಯೂಟ್ರಿನೋ ಎಂಬ ಕಣದ್ದು. ವಿದ್ಯುದಂಶವಿಲ್ಲದ, ಇಡೀ ಭೂಮಿಯನ್ನೇ ತೂರಿ ಹೋಗಬಲ್ಲ ಈ ಕಣ ಅಪರೂಪಕ್ಕೊಮ್ಮೆ ಬಂಡೆಯೊಳಗಿನ ಪರಮಾಣುವಿಗೆ ತಾಗಿ ಮ್ಯೂಆನ್ ಒಂದನ್ನು ಹುಟ್ಟಿಸುತ್ತದೆ. ವಾತಾವರಣದಲ್ಲಿ ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಿನೋವನ್ನು ಅಲ್ಲಿಯವರೆಗೆ ಯಾರೂ ಹಿಡಿದಿರಲಿಲ್ಲ.

ಟಾಟಾ ಸಂಸ್ಥೆಯವರು, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯದವರು, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರು ಕೈಗೂಡಿಸಿದರು. ಮೇನನ್, ಮಿಯಾಕೆ, ವುಲ್ಫೆಂಡೇಲ್, ರಮಣಮೂರ್ತಿ, ನರಸಿಂಹನ್, ಶ್ರೀಕಂಠನ್ ಮೊದಲಾದವರು ಆ ತಂಡದವರು. ಸುಮಾರು 7,600 ಅಡಿ ಆಳದಲ್ಲಿ ಎರಡು ಗೋಡೆಗಳಂತೆ ಯಂತ್ರಗಳನ್ನು ಎದುರುಬದುರಾಗಿ ನಿಲ್ಲಿಸಿದರು. ಇದರಲ್ಲಿ ಒಂದು ಜಾಣತನವಿದೆ. ಮೇಲಿನಿಂದ ಬಂಡೆ ತೂರಿ ಬರುವ ಮ್ಯೂಆನ್ ನೆಟ್ಟಗೆ ಕೆಳಕ್ಕೆ ಬೀಳುತ್ತದೆ, ಏಕೆಂದರೆ ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ಹೆಚ್ಚು. ನ್ಯೂಟ್ರಿನೋಗಾದರೋ ಬಂಡೆಯ ಲೆಕ್ಕವೇ ಇಲ್ಲ. ಅದು ಯಾವ ದಿಕ್ಕಿನಿಂದಲಾದರೂ ಬಂದೀತು. ಆದ್ದರಿಂದ ಅಡ್ಡಡ್ಡವಾಗಿ ಎರಡು ಗೋಡೆಗಳನ್ನೂ ದಾಟಿದ ಕಣ ನ್ಯೂಟ್ರಿನೋವಿನ ಕೂಸೆಂದು ಹೇಳಬಹುದು. 1965ರಲ್ಲಿ ಅಂಥ ಕೂಸುಗಳು ಸಿಕ್ಕವು. ಅದೇ ವೇಳೆಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಎಂಬವರ ತಂಡವೂ ಇದನ್ನೇ ಹುಡುಕುತ್ತಿತ್ತು. ಮೊದಲು ಕಂಡವರು ಅವರು. ಅಚ್ಚಿನಲ್ಲಿ ಮೊದಲು ಬಂದುದು ಕೋಲಾರದ ವರದಿ. ಅದು ಪ್ರಕಟವಾದ ಸಂಚಿಕೆಯ ದಿನಾಂಕ 1965ರ ಆಗಸ್ಟ್ 15. ಅವರದು ಆಗಸ್ಟ್ 30. ಹದಿನೈದು ದಿನಗಳ ಈ ಅಂತರಕ್ಕಾಗಿ ಜಗಳವಾಡುವುದು ಬೇಡ. ಇಬ್ಬರದೂ ಕೀರ್ತಿಯೇ.

ಇದಕ್ಕೂ ನ್ಯೂಟ್ರಾನ್ ನಕ್ಷತ್ರಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ದೊಡ್ಡ ನಕ್ಷತ್ರ ಕುಸಿದು ಅದರ ಗರ್ಭದಲ್ಲಿ ನ್ಯೂಟ್ರಾನ್ ನಕ್ಷತ್ರ ಹುಟ್ಟುವಾಗ ಹೊರಡುವ ಶಕ್ತಿಯಲ್ಲಿ ಬಹುಪಾಲು ನ್ಯೂಟ್ರಿನೋಗಳ ರೂಪದಲ್ಲಿರುತ್ತದೆ. ಬೆಳಕಿನದು ಚಿಲ್ಲರೆ ಪಾಲು. 1987ರ ಫೆಬ್ರುವರಿ 23ರಂದು ದಕ್ಷಿಣದ ಆಕಾಶದ ಮೆಗೆಲ್ಲನ್ ಮೇಘದಲ್ಲಿ ನಕ್ಷತ್ರವೊಂದು ಸಿಡಿಯಿತು. ಬೆಳಕು ಮುಟ್ಟುವುದಕ್ಕೆ ಕೆಲವು ಗಂಟೆಗಳ ಮೊದಲೇ ಜಪಾನಿನ ಕಾಮಿಯೋಕ, ಅಮೆರಿಕ, ರಷ್ಯಗಳ ನೆಲದಾಳದ ಯಂತ್ರಗಳು ನ್ಯೂಟ್ರಿನೋಗಳನ್ನು ಹಿಡಿದವು. ಎಲ್ಲ ಸೇರಿ ಇಪ್ಪತ್ತೈದರ ಆಸುಪಾಸು. ಆದರೂ ನಕ್ಷತ್ರದ ಸಾವಿನ ಸಿದ್ಧಾಂತವನ್ನು ಗಟ್ಟಿಮಾಡಲು ಅಷ್ಟೇ ಸಾಕಾಯಿತು. ಆ ಭಸ್ಮದ ನಡುವೆ ಸಾಂದ್ರವಾದ ನಕ್ಷತ್ರಶೇಷ ಅಡಗಿರುವುದಕ್ಕೆ ಜೇಮ್ಸ್ ವೆಬ್ ದೂರದರ್ಶಕದಿಂದ ಪುರಾವೆ ದೊರೆತುದು 2024ರಲ್ಲಿ. ದಕ್ಷಿಣ ಧ್ರುವದ ಹಿಮದೊಳಗಿನ ಯಂತ್ರವೊಂದು 2017ರಲ್ಲಿ ಹಿಡಿದ ಒಂದು ನ್ಯೂಟ್ರಿನೋ, ದೂರದ ಗೆಲಾಕ್ಸಿಯ ಮಹಾ ಕೃಷ್ಣವಿವರದ ಕಡೆಗೆ ಬೆರಳು ತೋರಿಸಿತು.

ಕೋಲಾರದ ಯಂತ್ರಗಳು ಈ ನಕ್ಷತ್ರಗಳನ್ನು ಕಂಡವೆಂದು ಯಾರೂ ಭ್ರಮಿಸಬಾರದು. ಸ್ಮರಣ ಸಂಚಿಕೆಗಳಲ್ಲಿ ನಮ್ಮವರ ಸಾಧನೆಯನ್ನು ಒಂದಕ್ಕೆ ಹತ್ತು ಮಾಡುವ ಚಾಳಿಯೊಂದಿದೆ. ಅದರಿಂದ ಸಾಧಕರಿಗೆ ಲಾಭವಿಲ್ಲ. ಪ್ರೋಟಾನ್ ಎಂಬ ಕಣ ಎಂದಾದರೂ ಸಾಯುತ್ತದೆಯೇ ಎಂದು ನೋಡಲು 1980ರಲ್ಲಿ ಅಲ್ಲಿ 140 ಟನ್ನಿನ ಯಂತ್ರವನ್ನು ನಿಲ್ಲಿಸಿದರು. ಆ ಉದ್ದೇಶಕ್ಕೆಂದು ಪ್ರಪಂಚದಲ್ಲಿ ಮೊದಲಿಗೆ ಕೆಲಸ ಪ್ರಾರಂಭಿಸಿದ ದೊಡ್ಡ ಪ್ರಯೋಗಗಳಲ್ಲಿ ಅದೊಂದು. ಪ್ರೋಟಾನಿನ ಸಾವಿನ ಕುರುಹುಗಳು ಕಂಡಂತಿವೆ ಎಂದು ಅವರು ಪ್ರಕಟಿಸಿದರು. ಬೇರೆಡೆಯ ಇನ್ನೂ ದೊಡ್ಡ ಯಂತ್ರಗಳಲ್ಲಿ ಅದು ಸಮರ್ಥನೆ ಪಡೆಯಲಿಲ್ಲ. ಕಾಮಿಯೋಕದ ಯಂತ್ರವೂ ಪ್ರೋಟಾನಿನ ಸಾವನ್ನೇ ಹುಡುಕಲು ಕಟ್ಟಿದುದು. ಅದಕ್ಕೂ ಅದು ಸಿಗಲಿಲ್ಲ, ನಕ್ಷತ್ರದ ಸಾವು ಸಿಕ್ಕಿತು. ಆ ಯಂತ್ರಕ್ಕೆ ಉತ್ತರಾಧಿಕಾರಿಯಾಗಿ ಬಂದ ಇನ್ನೂ ದೊಡ್ಡದು 1998ರಲ್ಲಿ, ಕೋಲಾರದವರು ಮೊದಲು ಹಿಡಿದಿದ್ದ ಅದೇ ವಾತಾವರಣದ ನ್ಯೂಟ್ರಿನೋಗಳಿಂದ, ಅವಕ್ಕೆ ತೂಕವಿದೆಯೆಂಬುದನ್ನು ತೋರಿಸಿತು. ಅದಕ್ಕೆ 2015ರಲ್ಲಿ ನೊಬೆಲ್ ಬಂದಿತು.

ಆ ವೇಳೆಗೆ ಕೋಲಾರದಲ್ಲಿ ಏನಾಗಿತ್ತು? ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. ಪ್ರಯೋಗಗಳು 1990ರ ದಶಕದ ಮೊದಲಲ್ಲೇ ನಿಂತವು. 2001ರ ಫೆಬ್ರುವರಿ 28ರಂದು ಗಣಿಯನ್ನೇ ಮುಚ್ಚಿದರು. ನೀರೆತ್ತುವ ಪಂಪುಗಳು ನಿಂತ ಗಣಿಯಲ್ಲಿ ನೀರು ತುಂಬುವುದು ಸಹಜ. ಸಾವಿರಾರು ಸಂಸಾರಗಳ ಅನ್ನ ಹೋಯಿತು. ಅವರ ಮಕ್ಕಳು ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಹೋಗುತ್ತಾರೆ. ಅವರ ಪಾಡು ನಮ್ಮ ಕಲ್ಯಾಣ ಶಹಾಡಿನವರಿಗೆ ವಿವರಿಸಬೇಕಾದುದಿಲ್ಲ. ಅಷ್ಟು ಆಳದ ಪ್ರಯೋಗಶಾಲೆ ಭಾರತದಲ್ಲಿ ಮತ್ತೆ ಆಗಿಲ್ಲ. ತಮಿಳುನಾಡಿನ ತೇನಿ ಜಿಲ್ಲೆಯ ಬೆಟ್ಟದೊಳಗೆ ನ್ಯೂಟ್ರಿನೋ ಶಾಲೆಯೊಂದನ್ನು ಕಟ್ಟಲು 2015ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತಾದರೂ ವಿರೋಧದಿಂದಾಗಿ ಕೆಲಸ ಸಾಗಲಿಲ್ಲ. ಇದ್ದುದನ್ನು ಉಳಿಸಿಕೊಳ್ಳುವುದು ಹೊಸದನ್ನು ಕಟ್ಟುವುದಕ್ಕಿಂತ ಸುಲಭವಾಗಿತ್ತೆಂದು ಈಗ ಅನ್ನಿಸುತ್ತದೆ.

ಶ್ರೀಕಂಠನ್ ನೆಲದಾಳದಲ್ಲಿಯೇ ಕುಳಿತವರಲ್ಲ. ಕ್ಷಕಿರಣ ಸೂಸುವ ನಕ್ಷತ್ರ 1962ರಲ್ಲಿ ಪತ್ತೆಯಾದ ಮೇಲೆ ಅವರ ತಂಡ ಹೈದರಾಬಾದಿನಿಂದ ಬೆಲೂನುಗಳಲ್ಲಿ ಯಂತ್ರಗಳನ್ನು ಏರಿಸಿ ಅಂಥ ನಕ್ಷತ್ರಗಳನ್ನು ಅಳೆಯಿತು. 1975ರಿಂದ 1987ರವರೆಗೆ ಅವರು ಟಾಟಾ ಸಂಸ್ಥೆಯ ನಿರ್ದೇಶಕರು. 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರೂ ವಿಶ್ವಕಿರಣಗಳ ಅಭ್ಯಾಸದಿಂದಲೇ ಬಂದವರು. ಬೆಂಗಳೂರಿನ ಪೀಣ್ಯದಲ್ಲಿ ಅವರು ಕಟ್ಟಿಸಿದ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿತು. ಅದರಲ್ಲಿ ಕ್ಷಕಿರಣ ಯಂತ್ರವೂ ಇದ್ದಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಕೆಟ್ಟು ಪ್ರಯೋಗ ನಿಂತಿತು. ಮತ್ತೆ ಪೂರ್ಣ ಪ್ರಮಾಣದ ಖಗೋಳ ಉಪಗ್ರಹವಾದ ಆಸ್ಟ್ರೋಸ್ಯಾಟ್ ಹಾರಲು 2015ರ ಸೆಪ್ಟೆಂಬರ್ 28 ಬರಬೇಕಾಯಿತು. 2024ರ ಹೊಸ ವರ್ಷದ ದಿನ ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಮುಖ್ಯ ಯಂತ್ರ ತಯಾರಾದುದು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ.

ಅದೇ ರಾಮನ್ ಸಂಸ್ಥೆಯಲ್ಲಿ 1976ರಿಂದ ಹಲವು ವರ್ಷ ಇದ್ದವರು ಸಿ. ವಿ. ವಿಶ್ವೇಶ್ವರ. ಅವರ ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ಸಾಹಿತಿಗಳು. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋದ ಮಗ, ಮೇರಿಲ್ಯಾಂಡಿನಲ್ಲಿ ಮಿಸ್ನರ್ ಎಂಬ ಗುರುಗಳ ಬಳಿ ವಿಚಿತ್ರವಾದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡರು. ಕೃಷ್ಣವಿವರವನ್ನು ಸ್ವಲ್ಪ ಅಲುಗಿಸಿದರೆ ಅದು ಒಡೆದುಹೋದೀತೆ, ನಿಂತೀತೆ? ಆಗ ಕೃಷ್ಣವಿವರ ಉಂಟೆಂದೇ ಅನೇಕರು ನಂಬುತ್ತಿರಲಿಲ್ಲ. ಅದು ನಿಲ್ಲುತ್ತದೆಂದು ಇವರು ತೋರಿಸಿದರು. ಆಮೇಲೆ ಕಾಗದದ ಮೇಲಿನ ಕೃಷ್ಣವಿವರಕ್ಕೆ ಗುರುತ್ವದ ಅಲೆಯೊಂದನ್ನು ಕಳುಹಿಸಿ, ಏನು ಮರಳಿ ಬರುವುದೆಂದು ಗಣಕಯಂತ್ರದಲ್ಲಿ ಲೆಕ್ಕ ಮಾಡಿದರು. ಅಗಲವಾದ ಅಲೆ ಕಳುಹಿಸಿದಾಗ ವಿಶೇಷವೇನೂ ಕಾಣಲಿಲ್ಲ. ಅಲೆಯನ್ನು ಕಿರಿದು ಮಾಡುತ್ತ ಬಂದು ಕೃಷ್ಣವಿವರದ ಗಾತ್ರಕ್ಕೆ ಸಮೀಪವಾದಾಗ, ಮರಳಿ ಬಂದುದರಲ್ಲಿ ಒಂದು ನಾದವಿತ್ತು: ಬಡಿದ ಗಂಟೆಯಂತೆ ಮಿಡಿದು, ಬೇಗನೆ ಅಡಗುವ ನಾದ. ಅದರ ಸ್ವರ ಯಾವುದು, ಎಷ್ಟು ಬೇಗ ಅಡಗುತ್ತದೆ ಎಂಬುದು ಹೊಡೆತವನ್ನು ಅವಲಂಬಿಸದೆ ಗಂಟೆಯನ್ನೇ, ಎಂದರೆ ಕೃಷ್ಣವಿವರದ ತೂಕವನ್ನೂ ತಿರುಗಾಟವನ್ನೂ ಅವಲಂಬಿಸಿರುತ್ತದೆ. 1970ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಕೇಳುವ ಕಿವಿ ಆಗ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ.

ಆ ಕಿವಿ ತಯಾರಾಗಲು ನಾಲ್ವತ್ತೈದು ವರ್ಷ ಹಿಡಿಯಿತು. ವಿಶ್ವೇಶ್ವರ ಈ ನಡುವೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಶಾಲೆಯ ಮಕ್ಕಳಿಗೆ ಆಕಾಶ ತೋರಿಸುತ್ತಿದ್ದರು. 1989ರಲ್ಲಿ ತೆರೆದ ಆ ತಾರಾಲಯದಲ್ಲಿ ಕನ್ನಡದಲ್ಲಿಯೂ ಪ್ರದರ್ಶನಗಳುಂಟು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಯಂತ್ರಗಳಿಗೆ, 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕೃಷ್ಣವಿವರಗಳು ಡಿಕ್ಕಿಯಾದ ಅಲೆ ಬಂದು ತಾಗಿತು. 36 ಮತ್ತು 29 ಸೂರ್ಯರಷ್ಟು ತೂಕದವು ಸೇರಿ 62 ಸೂರ್ಯರಷ್ಟಾಯಿತು. ಉಳಿದ ಮೂರು ಸೂರ್ಯರಷ್ಟು ದ್ರವ್ಯ ಅಲೆಯಾಗಿ ಹೋಯಿತು. ಅಲೆಯ ಬಾಲದಲ್ಲಿ ಸೆಕೆಂಡಿಗೆ ಸುಮಾರು 250 ಮಿಡಿತದ, ಅಡಗಿಹೋಗುವ ನಾದ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ ಬಿಳಿ ಒಂದರ ಮಧ್ಯ ಷಡ್ಜಕ್ಕೆ ಹತ್ತಿರ. 2016ರ ಫೆಬ್ರುವರಿ 11ರಂದು ಸುದ್ದಿ ಹೊರಬಿದ್ದಾಗ ವಿಶ್ವೇಶ್ವರ ಇನ್ನೂ ಇದ್ದರು; 2017ರ ಜನವರಿ 16ರಂದು ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದ ಅಲೆಯೂ ಸಿಕ್ಕಿ, ಚಿನ್ನದಂಥ ಭಾರಲೋಹಗಳು ಇಂಥ ಡಿಕ್ಕಿಗಳಲ್ಲಿ ಹುಟ್ಟುತ್ತವೆಂಬ ಮಾತಿಗೆ ಬಲ ಬಂದಿತು. ಕೋಲಾರದವರು ಅಗೆದು ತೆಗೆದ ಚಿನ್ನಕ್ಕೂ ಅಂಥ ತವರಿದ್ದೀತು.

2025ರ ಜನವರಿ 14ರಂದು ಬಂದ ಅಲೆ ಹಿಂದಿನ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಅದರ ನಾದದಲ್ಲಿ ವಿಜ್ಞಾನಿಗಳು ಎರಡು ಸ್ವರಗಳನ್ನು ಬಿಡಿಸಿ ಗುರುತಿಸಿದರು; ಎರಡೂ ಒಂದೇ ತೂಕ, ಒಂದೇ ತಿರುಗಾಟದ ಕೃಷ್ಣವಿವರಕ್ಕೆ ಹೊಂದುತ್ತಿದ್ದವು. ಇಂಥ ನಾದವನ್ನು ಆಲಿಸುವ ಯಂತ್ರವೊಂದು ನಾವಿರುವ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ಬಳಿ ಬರಲಿದೆ. ನಾಲ್ಕು ನಾಲ್ಕು ಕಿಲೋಮೀಟರಿನ ಎರಡು ತೋಳುಗಳುಳ್ಳ ಅದಕ್ಕೆ ಕೇಂದ್ರ ಸರಕಾರ 2023ರ ಏಪ್ರಿಲಿನಲ್ಲಿ 2,600 ಕೋಟಿ ರೂಪಾಯಿ ಮಂಜೂರು ಮಾಡಿದೆ.