ಜೇಡ ಎಂಬ ಹೆಸರು

ಸಂಪಗಾಂವದ ಹೊಲದ ಬದುವಿನಲ್ಲಿ ಮೊಬೈಲಿಗೆ ಮ್ಯಾಕ್ರೋ ಲೆನ್ಸು ಸಿಕ್ಕಿಸಿ ಜೇಡವೊಂದರ ಚಿತ್ರ ತೆಗೆದೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ, ಬಲೆಯ ನಡುವೆ ಗುಣಾಕಾರದ ಚಿಹ್ನೆಯಂತೆ ಕುಳಿತಿತ್ತು. ಕಾಲ್ತುದಿಯಲ್ಲಿ ಅಂಕುಡೊಂಕಾದ ಬಿಳಿ ನೂಲಿನ ಪಟ್ಟಿ. ಅದನ್ನು ಸಹಿಯೆಂದು ಕಂಡ ಇಂಗ್ಲಿಷ್ ಇದಕ್ಕೆ 'ಸಿಗ್ನೇಚರ್ ಸ್ಪೈಡರ್' ಎಂದಿತು.

ಕನ್ನಡ ಕಂಡದ್ದು ಕಸುಬನ್ನು. ನಮ್ಮಲ್ಲಿ ನೇಕಾರನಿಗೂ ಈ ಹುಳಕ್ಕೂ ಒಂದೇ ಹೆಸರು, ಜೇಡ. ಬಸವಣ್ಣನಿಗಿಂತ ಹಿರಿಯನೆನ್ನಲಾದ ವಚನಕಾರ ಜೇಡರ ದಾಸಿಮಯ್ಯ ಮಗ್ಗದವನು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ (1938–2007) ಹಕ್ಕಿಚಿತ್ರಗಳನ್ನು ನೋಡಿ ಈ ಹವ್ಯಾಸಕ್ಕೆ ಬಿದ್ದವನು ನಾನು. ಆದರೆ ಲೆನ್ಸೇ ಇಲ್ಲದ ಕಾಲದಲ್ಲಿ ಯಾರೋ ಬಲೆಯೆದುರು ನನಗಿಂತ ಹೆಚ್ಚು ಹೊತ್ತು ನಿಂತಿರಬೇಕು.

ಈಗ ಜೇಡವೆಂದರೆ ಬರೀ ಹುಳ. ಪದದೊಳಗಿನ ನೇಕಾರ ಮರೆತುಹೋದರೆ, ಬಲೆಗೆ ಪೊರಕೆ ಎತ್ತುವ ಕೈಗೆ ತಡೆಯೇ ಇರದು.