ಪೇಸ್ಲಿಪ್‌ನ ಆ 200 ರೂಪಾಯಿ ಯಾವ ಊರಿಗೆ?

ನಿಮ್ಮ ಪೇಸ್ಲಿಪ್ ಒಮ್ಮೆ ತೆರೆದು ನೋಡಿ. ಪಿಎಫ್, ಟಿಡಿಎಸ್ ಹತ್ತಿರವೇ 'ಪಿಟಿ' ಅಂತ 200 ರೂಪಾಯಿ ಕಟ್ ಆಗಿರುತ್ತೆ. ಅದೇ ವೃತ್ತಿ ತೆರಿಗೆ. ಮಣಿಪಾಲದ ರೂಮಲ್ಲೋ ಕಾಪುವಿನ ಮನೆಯಲ್ಲೋ ಕೂತು ಪುಣೆಯ ಕಂಪನಿಗೆ ಕೆಲಸ ಮಾಡೋರಿಗೆ ಒಂದು ಪ್ರಶ್ನೆ: ಈ ದುಡ್ಡು ಯಾರಿಗೆ ಸೇರಬೇಕು?

ಅಮೆರಿಕದಲ್ಲಿ ಇದು ದೊಡ್ಡ ಜಗಳ. ನ್ಯೂಜೆರ್ಸಿಯ ಮನೆಯಲ್ಲಿ ಕೂತು ನ್ಯೂಯಾರ್ಕ್ ಕಂಪನಿಗೆ ದುಡಿದರೂ ನ್ಯೂಯಾರ್ಕ್ ರಾಜ್ಯ ತನ್ನ ಆದಾಯ ತೆರಿಗೆ ಕೇಳುತ್ತೆ. ನಮ್ಮಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಹಾಕೋದು ಕೇಂದ್ರ ಮಾತ್ರ. ರಾಜ್ಯದ ಕೈಯಲ್ಲಿರೋದು ಈ ಪುಟ್ಟ ವೃತ್ತಿ ತೆರಿಗೆ.

ಇದರ ಬೇರು ಹಳೆಯದು. ವಿಜಯನಗರ ಕಾಲದ ಶಾಸನಗಳಲ್ಲೇ ಮಗ್ಗದೆರೆ, ಗಾಣದೆರೆ ಸಿಗುತ್ತವೆ. ಆಗ ಗೊಂದಲ ಇರಲಿಲ್ಲ. ಮಗ್ಗ ಎಲ್ಲಿದೆಯೋ ತೆರಿಗೆಯೂ ಅಲ್ಲೇ.

ಮುಂದೆ ಉಡುಪಿ, ಕಾರ್ಕಳ, ಕಾಸರಗೋಡು ಎಲ್ಲವೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಅಲ್ಲಿನ 1920ರ ಮುನ್ಸಿಪಾಲಿಟಿ ಕಾಯ್ದೆಯಲ್ಲಿ ವೃತ್ತಿ ತೆರಿಗೆ ಹಾಕುವ ಅಧಿಕಾರ ಪಟ್ಟಣದ ಪುರಸಭೆಗೇ ಇತ್ತು. ಈ ಹೆಸರಲ್ಲಿ ಪ್ರಾಂತ್ಯಗಳು ಇನ್ನೊಂದು ಆದಾಯ ತೆರಿಗೆ ಶುರು ಮಾಡಬಾರದು ಅಂತ 1940ರಲ್ಲಿ ಬ್ರಿಟಿಷರು ವರ್ಷಕ್ಕೆ 50 ರೂಪಾಯಿ ಮಿತಿ ಹಾಕಿದರು. ಸಂವಿಧಾನದ 276ನೇ ವಿಧಿ ಅದನ್ನು 250 ಮಾಡಿತು. 1988ರ 60ನೇ ತಿದ್ದುಪಡಿ 2,500 ಮಾಡಿತು. ಇವತ್ತಿಗೂ ಅಷ್ಟೇ.

1956ರ ನವೆಂಬರ್ 1ಕ್ಕೆ ಜಿಲ್ಲೆ ಒಡೆಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿ ಈಗಲೂ ಆರು ತಿಂಗಳಿಗೊಮ್ಮೆ ವೃತ್ತಿ ತೆರಿಗೆ ಸೇರೋದು ಊರಿನ ಪಂಚಾಯತಿಗೋ ನಗರಸಭೆಗೋ. ತಲಪಾಡಿಯಿಂದ ಈಚೆ ಹಾಗಲ್ಲ. 1976ರ ಕರ್ನಾಟಕ ಕಾಯ್ದೆ ಬಂದಮೇಲೆ ವಸೂಲಿ ಮಾಡೋದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ. ತಿಂಗಳ ಸಂಬಳ 25,000 ಮುಟ್ಟಿದರೆ 200 ರೂಪಾಯಿ. 2025ರ ತಿದ್ದುಪಡಿಯಿಂದ ಫೆಬ್ರವರಿಗೆ ಮಾತ್ರ 300. ಒಟ್ಟು ವರ್ಷಕ್ಕೆ 2,500, ಅಂದರೆ ಮಿತಿಯ ತುದಿ.

ಈಗ ವರ್ಕ್ ಫ್ರಂ ಹೋಮ್‌ಗೆ ಬನ್ನಿ. ನಮ್ಮ ಕಾಯ್ದೆ ಹೇಳೋದು ರಾಜ್ಯದೊಳಗೆ ಉದ್ಯೋಗ ಮಾಡುವವರ ಬಗ್ಗೆ. ಆದರೆ ಕಂಪನಿ ನಿಮ್ಮನ್ನು ಪುಣೆ ಆಫೀಸಿನ ಲೆಕ್ಕದಲ್ಲೇ ಇಟ್ಟಿದ್ದರೆ ದುಡ್ಡು ಮಹಾರಾಷ್ಟ್ರಕ್ಕೆ ಹೋಗುತ್ತೆ. ನೀವು ಓಡಾಡೋದು ಕಾರ್ಕಳದ ರಸ್ತೆಯಲ್ಲಿ, ಕುಡಿಯೋದು ಇಲ್ಲಿನ ನೀರು. ಹಾಗಾಗಿ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಿ: ನನ್ನ ಪಿಟಿ ಯಾವ ರಾಜ್ಯಕ್ಕೆ ಕಟ್ಟುತ್ತಿದ್ದೀರಿ?

2,500 ರೂಪಾಯಿ ಒಬ್ಬರಿಗೆ ಸಣ್ಣದು. ಊರಿಗೆ ವಾಪಸ್ ಬಂದು ದುಡಿಯೋ ಸಾವಿರ ಜನ ಸೇರಿದರೆ ಅದು 25 ಲಕ್ಷ. ಸರಿಯಾಗಿ ಕಟ್ಟಿದರೂ ಅದು ಮೊದಲು ಹೋಗೋದು ಬೆಂಗಳೂರಿನ ಖಜಾನೆಗೆ, ಕಾರ್ಕಳ ಪುರಸಭೆಗಲ್ಲ. ಒಂದು ಕಾಲದಲ್ಲಿ ಊರಿನದ್ದೇ ಆಗಿದ್ದ ತೆರಿಗೆ ಮತ್ತೆ ಊರಿಗೆ ಬರಲಿ ಅಂತ ಕೇಳೋದು ಹೊಸ ಬೇಡಿಕೆ ಏನಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.