ಅಡ್ಡಗಾಳಿಯೂ ವಿಮಾನದ ಇಳಿತವೂ

1909ನೆಯ ಇಸವಿ ಜುಲೈ 25ರಂದು ಲೂಯಿ ಬ್ಲೆರಿಯೋ ಎಂಬ ಫ್ರೆಂಚ್ ಸಾಹಸಿಯು ವಿಮಾನದಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊಟ್ಟಮೊದಲು ದಾಟಿದನು. ಡೋವರ್ ಕೋಟೆಯ ಬಳಿ ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ವಿಮಾನದ ಗಾಲಿಗಳ ಚೌಕಟ್ಟೂ ಪ್ರೊಪೆಲರೂ ಮುರಿದವು. ಅವನು ಮಾತ್ರ ಉಳಿದನು. ಕಡಲನ್ನು ಗೆದ್ದವನಿಗೂ ನೆಲವನ್ನು ಮುಟ್ಟುವುದೇ ಕಠಿನವಾಯಿತೆಂಬುದನ್ನು ನಾವು ಗಮನಿಸಬೇಕು.

ಆ ಕಾಲದ ಬಯಲುಗಳಲ್ಲಿ ಗಾಳಿಗೆ ಇದಿರಾಗಿ ಯಾವ ದಿಕ್ಕಿನಿಂದಲಾದರೂ ಇಳಿಯಬಹುದಾಗಿತ್ತು. ಕಾಂಕ್ರೀಟಿನ ರನ್‌ವೇಗಳು ಬಂದ ಬಳಿಕ ದಾರಿಗೆ ದಿಕ್ಕು ಗೊತ್ತಾಯಿತು; ಗಾಳಿಗೆ ಆಗಲಿಲ್ಲ. ಆದಕಾರಣ ಚಾಲಕನು ಗಾಳಿ ಬೀಸುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸಿ, ಚುಕ್ಕಾಣಿಯನ್ನು ವಿರುದ್ಧ ದಿಕ್ಕಿಗೆ ಒತ್ತಿ, ವಿಮಾನದ ಮೂತಿಯನ್ನು ದಾರಿಗೆ ನೇರವಾಗಿಟ್ಟು, ತಗ್ಗಿದ ಕಡೆಯ ಗಾಲಿಯನ್ನೇ ಮೊದಲು ನೆಲಕ್ಕೆ ತಾಗಿಸುವನು. ಗಾಳಿಯು ರಭಸದಿಂದ ಏರಿಳಿಯುತ್ತಿದ್ದರೆ ವೇಗವನ್ನು ಕೊಂಚ ಹೆಚ್ಚಿಟ್ಟುಕೊಳ್ಳುವನು. ವಿಮಾನವು ದಾರಿಯಿಂದ ಸರಿದರೆ ಮರಳಿ ಮೇಲೇರುವನು. ಹಾಗೆ ಮರಳಿ ಏರುವುದನ್ನು ನಾವು ಸೋಲೆಂದು ಎಣಿಸಲಾಗದು, ಅದು ವಿವೇಕ.